ಕಾದರೆ ಮುನಿಯುವ ಮೋಟಾರು

ಚಳಿಗೆ ಏಳದ ಮೋಟಾರುಗಾಡಿಗಳ ವಿಷಯವನ್ನು ಎಲ್ಲರೂ ಕೇಳಿಬಲ್ಲರು. ಮಾಘಮಾಸದ ಮುಂಜಾವಿನಲ್ಲಿ, ಮಂಜು ಇನ್ನೂ ಅಡಕೆಮರದ ತಲೆಯಿಂದ ಕೆಳಗಿಳಿಯದ ಹೊತ್ತಿನಲ್ಲಿ, ನೆರೆಮನೆಯವರ ಹಳೆಯ ಜೀಪು ನಾಲ್ಕು ಬಾರಿ ಕೆಮ್ಮಿ, ಐದನೆಯ ಬಾರಿಗೆ ಒಲ್ಲದ ಮನಸ್ಸಿನಿಂದ ಎದ್ದು, ಬೀದಿಯ ತುಂಬ ಬಿಳಿಯ ಹೊಗೆ ಚೆಲ್ಲಿ ಹೊರಡುವುದನ್ನು ನಾನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಚಳಿಗೆ ಮನುಷ್ಯರೇ ಏಳುವುದಿಲ್ಲ. ನನ್ನ ಗಾಡಿಯ ಸ್ವಭಾವವಾದರೋ ಇದಕ್ಕೆ ತೀರ ವಿರುದ್ಧವಾಗಿತ್ತು. ಬೆಳಗಿನ ಐದು ಗಂಟೆಯ ಕೊರೆತದಲ್ಲಿ ಕೀಲಿ ತಿರುಗಿಸುವುದೇ ತಡ, ಎದ್ದು ನಿಲ್ಲುತ್ತಿತ್ತು. ಎಂಬತ್ತು ಕಿಲೋಮೀಟರು ಓಡಿ, ಮೈ ಚೆನ್ನಾಗಿ ಕಾದು, ಕಾಲುಗಂಟೆ ನಿಂತಿತೆಂದರೆ ಮಾತ್ರ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಂದು ಗಂಟೆ ಬಿಟ್ಟು, ತಣ್ಣಗಾದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಹೊರಡುತ್ತಿತ್ತು.

ಇದು ನನಗೆ ವಿಚಿತ್ರವಾಗಿ ತೋರಿತು. ಡೀಸಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲವೆಂಬುದು ನನ್ನಂಥವನಿಗೂ ಗೊತ್ತು. ಕೊಳವೆಯೊಳಗಿನ ಗಾಳಿಯನ್ನು ಅದರ ಗಾತ್ರದ ಹದಿನಾರರಲ್ಲೊಂದು ಹದಿನೆಂಟರಲ್ಲೊಂದು ಪಾಲಿಗೆ ಒತ್ತಿ ಕುಗ್ಗಿಸಿದಾಗ ಆ ಗಾಳಿ ೫೦೦ ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ಅದರೊಳಕ್ಕೆ ಸಿಂಪಡಿಸಿದ ಎಣ್ಣೆ ತನಗೆ ತಾನೇ ಹೊತ್ತಿಕೊಳ್ಳುತ್ತದೆ. ಎಂದಮೇಲೆ ಶಾಖವೇ ಅದರ ಪ್ರಾಣವಾಯಿತು. ಶಾಖವೇ ಪ್ರಾಣವಾದ ಯಂತ್ರ ಶಾಖದಿಂದಲೇ ಮೂರ್ಛೆ ಹೋಗುವುದೆಂದರೇನು? ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವಿರೋಧಾಭಾಸವೆಂದು ಹೆಸರು. ಮೇಲೆ ನೋಡಿದರೆ ವಿರೋಧ, ವಿಚಾರ ಮಾಡಿದರೆ ಪರಿಹಾರ. ಈ ಲಕ್ಷಣವನ್ನು ಇಪ್ಪತ್ತು ವರ್ಷಗಳಿಂದ ಹುಡುಗರಿಗೆ ಬರೆಯಿಸುತ್ತಿರುವ ನನಗೆ, ನನ್ನ ಗಾಡಿಯ ಮಟ್ಟಿಗೆ ಅದರ ಪರಿಹಾರವನ್ನು ಕಾಣುವುದಕ್ಕೆ ಮೂರು ವಾರ ಬೇಕಾದವು.

ಬರಿಯ ಕುತೂಹಲದ ಮಾತಾಗಿದ್ದರೆ ಗಾಡಿಯನ್ನು ಮಾರಿ ಸುಮ್ಮನಾಗುತ್ತಿದ್ದೆ. ಆದರೆ ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಕಣ್ಣಿನ ಒಳಪರದೆಯ ನಡುಭಾಗ ಕೆಡುವ ರೋಗ ಆಕೆಗೆ. ತಿಂಗಳಿಗೊಮ್ಮೆ ಕಣ್ಣಿನೊಳಕ್ಕೆ ಚುಚ್ಚುಮದ್ದು ಕೊಡಿಸಬೇಕು. ತಪ್ಪಿದರೆ ಉಳಿದಿರುವ ದೃಷ್ಟಿಯೂ ಜಾರಬಹುದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಚಿಕಿತ್ಸೆ ನಡೆಯುವುದು ಘಟ್ಟದ ಕೆಳಗೆ, ಉಡುಪಿಯಲ್ಲಿ. ನಾವಿರುವುದು ಘಟ್ಟದ ಮೇಲೆ, ತೀರ್ಥಹಳ್ಳಿಯ ಹತ್ತಿರ. ನಡುವೆ ಆಗುಂಬೆಯ ಹದಿನಾಲ್ಕು ತಿರುವು. ಬಸ್ಸಿನಲ್ಲಿ ಆ ತಿರುವುಗಳನ್ನು ಆಕೆ ತಾಳಲಾರಳು. ಬಾಡಿಗೆ ಗಾಡಿಯೆಂದರೆ, ಮನೆಯಲ್ಲಿ ಒಂದು ಇರುವಾಗ ಇನ್ನೊಂದಕ್ಕೆ ದುಡ್ಡು ಏಕೆಂದು ಹಟ ಹಿಡಿಯುತ್ತಾಳೆ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ದಿನ ಮದ್ದು ಹಾಕಿಸಿಕೊಂಡು ಹಿಂದಿರುಗುತ್ತಿದ್ದೆವು. ಹೆಬ್ರಿ ದಾಟಿ, ಸೋಮೇಶ್ವರದಿಂದ ಘಟ್ಟ ಹತ್ತಿ ಮೇಲೆ ಬರುವಷ್ಟರಲ್ಲಿ ತಾಯಿಗೆ ತಲೆ ಸುತ್ತು ಬಂದಿತು. ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ ಒಂದು ಲೋಟ ಬಿಸಿನೀರು ಕೊಡಿಸಿ, ನಾನೂ ಚಹಾ ಕುಡಿದೆ. ಇಪ್ಪತ್ತು ನಿಮಿಷವಾಗಿರಬಹುದು. ಆಮೇಲೆ ಕೀಲಿ ತಿರುಗಿಸಿದರೆ ಎಂಜಿನು ಗರಗರನೆ ಸುತ್ತಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ತಿರುಗಿಸಿದೆ. ಅಷ್ಟರಲ್ಲಿ ಕತ್ತಲೆ ಕವಿದು, ಆಗುಂಬೆಯ ಮಳೆ ಹೇಗೆ ಬರಬೇಕೋ ಹಾಗೆ ಬಂದಿತು. ಚಹಾದಂಗಡಿಯಲ್ಲಿದ್ದ ನಾಲ್ವರು ತರುಣರು ಪಾಪ ನೆನೆದುಕೊಂಡೇ ತಳ್ಳಿದರು. ಗಾಡಿ ಕೆಮ್ಮಲೂ ಇಲ್ಲ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕಿ ಹಿಂದಿನ ಸೀಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಮಾತಿಲ್ಲದೆ ಕುಳಿತಿದ್ದಳು. ಕಡೆಗೆ ಗಾಡಿ ತನ್ನಷ್ಟಕ್ಕೆ ಎದ್ದು ಹೊರಟಿತು. ಊರು ಹತ್ತಿರ ಬಂದಾಗ ಆಕೆ ಆಡಿದ್ದು ಒಂದೇ ಮಾತು: “ಮುಂದಿನ ತಿಂಗಳು ಬೇಡ ಕಣೋ. ಇಷ್ಟು ವರ್ಷ ನೋಡಿದ್ದೇ ಸಾಕು.”

ಮುಂದಿನ ಚುಚ್ಚುಮದ್ದಿಗೆ ನಾಲ್ಕು ವಾರ ಉಳಿದಿದ್ದವು.

ಈ ಬಗೆಯ ರೋಗದ ದೊಡ್ಡ ತೊಡಕೆಂದರೆ ವೈದ್ಯನ ಮುಂದೆ ಅದು ಕಾಣಿಸಿಕೊಳ್ಳುವುದಿಲ್ಲ. ಗಾಡಿ ಮುನಿಯುವುದು ಕಾದಾಗ. ನಾವು ಗ್ಯಾರೇಜಿಗೆ ಒಪ್ಪಿಸಿ ಬಂದ ಮೇಲೆ ಅವರು ಅದರ ಮೈಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ, ಅದು ಪೂರ್ತಿ ತಣಿದ ಮೇಲೆ. ಮೊದಲನೆಯವರು ಕೀಲಿ ತಿರುಗಿಸಿದರು. ಒಂದೇ ಏಟಿಗೆ ಎದ್ದಿತು. ಬ್ಯಾಟರಿ ಹಳೆಯದಾಗಿದೆಯೆಂದು ಹೊಸದನ್ನು ಹಾಕಿದರು. ಡೀಸಲ್ ಫಿಲ್ಟರನ್ನೂ ಬದಲಾಯಿಸಿದರು. ಮಾರನೆಯ ದಿನ ಕೊಪ್ಪದವರೆಗೆ ಹೋಗಿ, ಸ್ನೇಹಿತರೊಬ್ಬರ ಮನೆಯಲ್ಲಿ ಹರಟೆ ಹೊಡೆದು ಹೊರಡಹೋದರೆ ಹೊಸ ಬ್ಯಾಟರಿ ಹಳೆಯದಕ್ಕಿಂತ ಚುರುಕಾಗಿ ಎಂಜಿನನ್ನು ಸುತ್ತಿಸಿತು. ಎಂಜಿನು ಮಾತ್ರ ಏಳಲಿಲ್ಲ.

ಎರಡನೆಯದು ದೊಡ್ಡ ವರ್ಕ್‌ಷಾಪು. ಕೂರಲು ಮೆತ್ತನೆಯ ಕುರ್ಚಿ, ಕುಡಿಯಲು ಕಾಫಿ. ಗಾಡಿಯ ಗಣಕಕ್ಕೆ ಸ್ಕ್ಯಾನರು ಹಚ್ಚಿ ನೋಡಿದರು, ದೋಷವೇನೂ ದಾಖಲಾಗಿರಲಿಲ್ಲ. ಆದರೂ ಒಂದು ಪಟ್ಟಿ ತಯಾರಾಯಿತು: ನಾಲ್ಕು ಇಂಜೆಕ್ಟರುಗಳು, ಒಂದು ಅಧಿಕ ಒತ್ತಡದ ಪಂಪು, ಅವುಗಳ ಪರಿವಾರ. ಒಟ್ಟು ಮೊತ್ತ, ಗಾಡಿಯನ್ನು ನಾನು ಎರಡನೆಯ ಕೈಯಿಂದ ಕೊಂಡ ಬೆಲೆಯ ಮೂರರಲ್ಲೊಂದು ಪಾಲನ್ನು ಮೀರಿತ್ತು. “ಇಷ್ಟನ್ನು ಬದಲಾಯಿಸಿದರೆ ಸರಿಹೋಗುತ್ತದೆಯೇ?” ಎಂದು ಕೇಳಿದೆ. “ಹೋಗಬೇಕು ಸಾರ್” ಎಂದು ಉತ್ತರ ಬಂದಿತು. ಈ ‘ಬೇಕು’ ಎಂಬುದು ವಿಧ್ಯರ್ಥವೋ ಸಂಭಾವನಾರ್ಥವೋ ಎಂಬ ಸಂಶಯ ಕನ್ನಡದ ಮೇಷ್ಟರಿಗಲ್ಲದೆ ಇನ್ನಾರಿಗೆ ಬಂದೀತು? ನನಗೆ ಬಂದಿತು. ಯೋಚಿಸಿ ಹೇಳುತ್ತೇನೆಂದು ಗಾಡಿಯನ್ನು ಹಿಂದಕ್ಕೆ ತಂದೆ.

ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ನನ್ನ ಕಥೆ ಕೇಳಿ, ಶಿವಮೊಗ್ಗದಲ್ಲಿ ಪಂಪು-ನಾಜಲ್ ಕೆಲಸ ಮಾಡುವ ಒಬ್ಬ ಹಿರಿಯರ ಅಂಗಡಿಗೆ ದಾರಿ ಹೇಳಿಕೊಟ್ಟರು. ಅರವತ್ತೈದು ದಾಟಿದವರು; ಲಾರಿಗಳ ಪಂಪು ಬಿಚ್ಚುತ್ತಲೇ ಗಡ್ಡ ಬೆಳ್ಳಗಾದವರು. ಸುತ್ತಲಿನವರೆಲ್ಲ ಸಾಹೇಬರೆಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ನಾನು ಮಾತಿಗೆ ಮೊದಲುಮಾಡುತ್ತಿದ್ದ ಹಾಗೆಯೇ ಅವರು ಮೂರು ಪ್ರಶ್ನೆ ಹಾಕಿದರು.

“ಕಾದಾಗ ಸೆಲ್ಫು ಜೋರಾಗಿ ತಿರುಗುತ್ತಾ, ನಿಧಾನಕ್ಕೆ ತಿರುಗುತ್ತಾ?”

“ಜೋರಾಗಿಯೇ.”

“ಸೆಲ್ಫು ಹೊಡೆಯುವಾಗ ಎಂಜಿನ್ ಸುತ್ತು ತೋರಿಸುವ ಮುಳ್ಳು ಅಲ್ಲಾಡುತ್ತಾ?”

ನಾನು ನೋಡಿರಲಿಲ್ಲ.

“ಹಿಂದುಗಡೆ ಹೊಗೆ?”

ಅದನ್ನೂ ನೋಡಿರಲಿಲ್ಲ. ತರಗತಿಯಲ್ಲಿ ಪಠ್ಯವನ್ನು ಓದದೆ ಬಂದ ಹುಡುಗನ ಹಾಗೆ ನಿಂತೆ.

“ಮೇಷ್ಟ್ರೇ, ಈಗ ಗಾಡಿ ತಣ್ಣಗಿದೆ. ತಣ್ಣಗಿರುವ ಗಾಡಿ ನನಗೆ ಬೇಡ. ಸಕ್ರೆಬೈಲಿನವರೆಗೆ ಓಡಿಸಿಕೊಂಡು ಹೋಗಿ, ಆನೆ ನೋಡಿಕೊಂಡು, ನಿಲ್ಲಿಸದೆ ವಾಪಸು ಬನ್ನಿ. ಬಂದಮೇಲೆ ಇಪ್ಪತ್ತು ನಿಮಿಷ ನಾವಿಬ್ಬರೂ ಚಹಾ ಕುಡಿಯೋಣ.”

ಆನೆಯನ್ನು ನೋಡುವುದು, ಗಾಡಿ ನಿಲ್ಲಿಸದಿರುವುದು, ಇವೆರಡೂ ಕೂಡಿ ಆಗುವ ಕೆಲಸವಲ್ಲ. ಆನೆಯನ್ನು ಬಿಟ್ಟು ಹೋಗಿ ಬಂದೆ.

ಆ ಚಹಾದ ಹೊತ್ತಿನಲ್ಲಿ ನಾನು ಕಲಿತದ್ದು ಬಹಳ. ನಿಂತ ಮೇಲೆ ಇಪ್ಪತ್ತು ನಿಮಿಷ ಏಕೆ? ಓಡುವಾಗ ಎಂಜಿನಿನ ಸುತ್ತ ನೀರು ಹರಿಯುತ್ತಿರುತ್ತದೆ, ಎದುರುಗಾಳಿ ಬೀಸುತ್ತಿರುತ್ತದೆ. ಕೀಲಿ ಆರಿಸಿದ ಕೂಡಲೇ ಎರಡೂ ನಿಲ್ಲುತ್ತವೆ. ಕಬ್ಬಿಣದ ಒಡಲೊಳಗಿದ್ದ ಕಾವು ಈಗ ಹೊರಗೆ ಹರಡಿ ಪಂಪು, ಪೈಪು, ತಂತಿಗಳನ್ನೆಲ್ಲ ಬೇಯಿಸತೊಡಗುತ್ತದೆ. ಆದುದರಿಂದ ಬಾನೆಟ್ಟಿನ ಕೆಳಗಿನ ಕಾವು ಗಾಡಿ ನಿಂತ ಮೇಲೆ ಕೆಲವು ಹೊತ್ತು ಇಳಿಯುವುದಿಲ್ಲ, ಏರುತ್ತದೆ. ಆಗುಂಬೆಯಲ್ಲಿ ಚಹಾ ಕುಡಿಯದೆ ಕೂಡಲೇ ಕೀಲಿ ತಿರುಗಿಸಿದ್ದರೆ ಬಹುಶಃ ಗಾಡಿ ಎದ್ದೇಬಿಡುತ್ತಿತ್ತು.

ಇನ್ನು ಮೂರು ಪ್ರಶ್ನೆಗಳ ಅರ್ಥ. ಸೆಲ್ಫು ನಿಧಾನವಾಗಿದ್ದರೆ ತಪ್ಪು ವಿದ್ಯುತ್ತಿನದು: ಸೆಲ್ಫ್ ಮೋಟಾರು ಕಾದು ಸೋಮಾರಿಯಾಗಿರಬಹುದು, ಬ್ಯಾಟರಿಯ ಕೊಂಡಿಯಲ್ಲೋ ಅರ್ತಿಂಗ್ ತಂತಿಯಲ್ಲೋ ತುಕ್ಕು ಹಿಡಿದಿರಬಹುದು. ಸೆಲ್ಫು ಜೋರಾಗಿದ್ದು ಮುಳ್ಳು ಸತ್ತು ಬಿದ್ದಿದ್ದರೆ, ಎಂಜಿನಿನ ಸುತ್ತನ್ನು ಎಣಿಸುವ ಸೆನ್ಸಾರಿನ ಮೇಲೆ ಅನುಮಾನ. ಅದರೊಳಗಿನ ಸಣ್ಣ ತಂತಿಸುರುಳಿ ಕಾದಾಗ ಎಲ್ಲೋ ಬಿಟ್ಟುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳುವುದುಂಟು. ಎಂಜಿನು ತಿರುಗುತ್ತಿದೆಯೆಂಬುದೇ ಗಣಕಕ್ಕೆ ತಿಳಿಯದಿದ್ದರೆ ಅದು ಎಣ್ಣೆ ಬಿಡುವ ಅಪ್ಪಣೆಯನ್ನೇ ಕೊಡುವುದಿಲ್ಲ. ಹೊಗೆಯ ಪ್ರಶ್ನೆ ಇನ್ನೂ ಸೊಗಸಾದುದು. ಸೆಲ್ಫು ಹೊಡೆಯುವಾಗ ಹಿಂದಿನಿಂದ ಬಿಳಿಯ ಹೊಗೆ ಬಂದರೆ ಎಣ್ಣೆ ಒಳಗೆ ಬೀಳುತ್ತಿದೆ, ಆದರೆ ಉರಿಯುತ್ತಿಲ್ಲ; ಹೊಗೆಯೇ ಇಲ್ಲದಿದ್ದರೆ ಎಣ್ಣೆಯೇ ಬೀಳುತ್ತಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಹೊಗೆಯಿಲ್ಲದ್ದರಿಂದ ಎಣ್ಣೆಯಿಲ್ಲವೆಂದು ಊಹಿಸಿದವರನ್ನು ಅಂದೇ ನಾನು ಮೊದಲು ಕಂಡದ್ದು.

ಇಪ್ಪತ್ತು ನಿಮಿಷ ಕಳೆಯಿತು. ಸಾಹೇಬರ ಶಿಷ್ಯ ಸೆಲ್ಫು ಹೊಡೆದ. ಮುಳ್ಳು ಅಲ್ಲಾಡಿತು, ಸ್ಕ್ಯಾನರಿನಲ್ಲಿ ನಿಮಿಷಕ್ಕೆ ೨೫೦ ಸುತ್ತು ಎಂದು ಬಂದಿತು. ಸೆಲ್ಫೂ ನಿರ್ದೋಷಿ, ಸೆನ್ಸಾರೂ ನಿರ್ದೋಷಿ. ಹಿಂದೆ ನಿಂತಿದ್ದ ನನಗೆ ಹೊಗೆಯ ಎಳೆಯೂ ಕಾಣಲಿಲ್ಲ.

“ಎಣ್ಣೆ ಬೀಳ್ತಿಲ್ಲ” ಎಂದರು ಸಾಹೇಬರು, ನಾಡಿ ಹಿಡಿದ ವೈದ್ಯರ ಹಾಗೆ.

ಇಲ್ಲಿ ಎಣ್ಣೆಯ ವಿಷಯವಾಗಿ ಒಂದೆರಡು ಮಾತು ಹೇಳಬೇಕು. ಡೀಸಲ್ ಎಂಬುದು ನಮಗೆಲ್ಲ ಈಗ ರೂಢನಾಮ; ಮೂಲದಲ್ಲಿ ಅದು ಅಂಕಿತನಾಮ. ರುಡಾಲ್ಫ್ ಡೀಸಲ್ ಎಂಬಾತ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ೧೮೯೭ರಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. ೧೯೧೩ರ ಸೆಪ್ಟೆಂಬರ್ ೨೯ರ ರಾತ್ರಿ ಇಂಗ್ಲೆಂಡಿಗೆ ಹೋಗುತ್ತಿದ್ದ ಹಡಗಿನಿಂದ ಕಾಣೆಯಾದ. ಆತನ ಎಂಜಿನಿಗೆ ಎಣ್ಣೆಯನ್ನು ಉಣಿಸುವುದೇ ಮೊದಲಿನಿಂದಲೂ ಕಷ್ಟದ ಕೆಲಸ: ಒತ್ತಿ ಹಿಡಿದ ಗಾಳಿಯೊಳಕ್ಕೆ, ಅದಕ್ಕಿಂತಲೂ ಹೆಚ್ಚಿನ ಒತ್ತಡದಿಂದ, ಕೂದಲೆಳೆಯಷ್ಟು ಸಣ್ಣ ತೂತುಗಳ ಮೂಲಕ ಎಣ್ಣೆಯನ್ನು ನುಗ್ಗಿಸಬೇಕು. ಹಳೆಯ ಗಾಡಿಗಳಲ್ಲಿ ಇದನ್ನು ಪಂಪೊಂದೇ ಮಾಡುತ್ತಿತ್ತು. ೧೯೯೭ರಲ್ಲಿ ಇಟಲಿಯ ಕಾರೊಂದರಲ್ಲಿ ಕಾಮನ್ ರೈಲ್ ಎಂಬ ಪದ್ಧತಿ ಬಳಕೆಗೆ ಬಂದಿತು. ಈಗಿನ ಡೀಸಲ್ ಕಾರುಗಳೆಲ್ಲ ಅದೇ ಜಾತಿಯವು. ಪಂಪು ಎಣ್ಣೆಯನ್ನು ಒಂದು ಗಟ್ಟಿಯಾದ ಕೊಳವೆಗೆ ತುಂಬಿ ಒತ್ತಡದಲ್ಲಿ ಇಟ್ಟಿರುತ್ತದೆ; ಆ ಸಮಾನ ಕೊಳವೆಯಿಂದ ನಾಲ್ಕು ಇಂಜೆಕ್ಟರುಗಳಿಗೂ ಪಾಲು. ಕಾರಿನ ಚಕ್ರದಲ್ಲಿ ನಾವು ಹಿಡಿಸುವ ಗಾಳಿಯ ಒತ್ತಡ ಎರಡು ಬಾರಿಗಿಂತ ಸ್ವಲ್ಪ ಹೆಚ್ಚು. ಈ ಕೊಳವೆಯಲ್ಲಾದರೋ ಗಾಡಿ ಭರದಿಂದ ಓಡುವಾಗ ಒತ್ತಡ ೧೬೦೦ ಬಾರಿನವರೆಗೂ ಹೋಗುತ್ತದೆ. ಗಾಡಿ ಏಳುವುದಕ್ಕೂ ೨೦೦ ಬಾರಿನ ಆಸುಪಾಸು ಬೇಕು. ಅಷ್ಟು ಕೂಡುವವರೆಗೆ ಗಣಕ ಇಂಜೆಕ್ಟರುಗಳ ಬಾಯಿ ತೆರೆಯುವುದಿಲ್ಲ.

ನನ್ನ ಗಾಡಿಯ ಒತ್ತಡ ಕಾದಾಗ ಎಷ್ಟಿತ್ತು? ಸ್ಕ್ಯಾನರಿನ ಪರದೆಯ ಮೇಲೆ ಅಂಕಿ ನಿಧಾನವಾಗಿ ಏರಿ ೧೨೦ಕ್ಕೆ ಬಂದು, ೧೩೦ನ್ನು ಮುಟ್ಟಿ, ಅಲ್ಲಿಯೇ ನಡುಗುತ್ತ ನಿಂತಿತು. ದೊಡ್ಡ ವರ್ಕ್‌ಷಾಪಿನವರ ಬಳಿಯೂ ಇದೇ ಸ್ಕ್ಯಾನರು ಇತ್ತು. ಅವರು ದೋಷಗಳ ಪಟ್ಟಿಯನ್ನು ಓದಿದರೇ ಹೊರತು, ಕಾದ ಗಾಡಿಯಲ್ಲಿ ಈ ಅಂಕಿಯನ್ನು ನೋಡಲಿಲ್ಲ.

ಸಾಹೇಬರು ತಮ್ಮ ಪ್ರಾಯದ ಕಾಲದ ಒಂದು ಮಾತು ಹೇಳಿದರು. ಹಳೆಯ ಪಂಪಿನ ಗಾಡಿಗಳು ಕಾದಾಗ ಹೀಗೆಯೇ ಮುನಿಯುತ್ತಿದ್ದವಂತೆ. ಆಗ ಡ್ರೈವರುಗಳು ಗೋಣಿಚೀಲ ನೆನೆಸಿ ಪಂಪಿನ ಮೇಲೆ ಹೊದಿಸಿ, ಬೀಡಿ ಸೇದಿ, ಆಮೇಲೆ ಸೆಲ್ಫು ಹೊಡೆಯುವುದು. ಗಾಡಿ ಎದ್ದರೆ ಪಂಪು ಸವೆದಿದೆ ಎಂದು ಅರ್ಥ. ಓಡುತ್ತಿರುವ ಪಂಪಿನ ಮೇಲೆ ಮಾತ್ರ ತಣ್ಣೀರು ಸುರಿಯಬಾರದು. ಹೊರಗಿನ ಒಡಲು ಕುಗ್ಗಿ ಒಳಗಿನ ಅಚ್ಚನ್ನು ಹಿಡಿದುಬಿಡುತ್ತದೆ. “ಹಾಗೆ ಎಷ್ಟೋ ಪಂಪುಗಳು ನಮ್ಮ ಹೊಟ್ಟೆ ಹೊರೆದಿವೆ ಮೇಷ್ಟ್ರೇ” ಎಂದು ನಕ್ಕರು.

ನೆನೆಸಿದ ಗೋಣಿಯಲ್ಲಿಯೇ ನನ್ನ ವಿರೋಧಾಭಾಸದ ಪರಿಹಾರವಿತ್ತು. ಎಣ್ಣೆ ಕಾದರೆ ತೆಳ್ಳಗಾಗುತ್ತದೆ. ದೋಸೆಯ ಕಾವಲಿಯ ಮೇಲೆ ತುಪ್ಪ ಹರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೪೦ ಡಿಗ್ರಿಯ ಡೀಸಲು ೮೦ಕ್ಕೆ ಏರಿದರೆ ಅದರ ಸ್ನಿಗ್ಧತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಂಪು ಇಂಜೆಕ್ಟರುಗಳ ಒಳಗೆ ಒಂದಕ್ಕೊಂದು ಉಜ್ಜಿ ಚಲಿಸುವ ಭಾಗಗಳ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರುನಾಲ್ಕು ಪಾಲು ಮಾತ್ರ. ಆ ಸಂದು ಸ್ವಲ್ಪ ಸವೆದರೂ ದಪ್ಪನೆಯ ತಣ್ಣನೆಯ ಎಣ್ಣೆ ಅದನ್ನು ತಾನೇ ಮುಚ್ಚಿಕೊಂಡು ಮಾನ ಕಾಯುತ್ತದೆ. ಕಾದು ತೆಳ್ಳಗಾದ ಎಣ್ಣೆ ಸೋರಿಹೋಗುತ್ತದೆ. ಹಾಗಾದರೆ ಓಡುವಾಗ ಏಕೆ ನಿಲ್ಲುವುದಿಲ್ಲ? ಓಡುವಾಗ ಪಂಪು ವೇಗವಾಗಿ ತಿರುಗಿ, ಸೋರಿದ್ದಕ್ಕಿಂತ ಹತ್ತು ಪಾಲು ಹೆಚ್ಚಾಗಿ ತಂದು ಸುರಿಯುತ್ತದೆ. ಸೆಲ್ಫಿನ ನಿಧಾನಗತಿಯಲ್ಲಿ ಅದು ತರುವುದು ಬೊಗಸೆಯಷ್ಟು, ಸೋರುವುದೂ ಬೊಗಸೆಯಷ್ಟು. ತೂತುಬಿದ್ದ ಕೊಡವನ್ನು ಹೊಳೆಯಲ್ಲಿ ಮುಳುಗಿಸಿದರೆ ತುಂಬಿಯೇ ಇರುತ್ತದೆ. ಬಾವಿಯಿಂದ ಸೇದುವಾಗಲೇ ತೊಂದರೆ.

ಸರಿ, ಸೋರುತ್ತಿರುವುದೆಲ್ಲಿ? ಪಂಪಿನಲ್ಲೋ, ಇಂಜೆಕ್ಟರಿನಲ್ಲೋ? ಇಂಜೆಕ್ಟರಿನಲ್ಲಾದರೆ ನಾಲ್ಕರಲ್ಲಿ ಯಾವುದು? ಪ್ರತಿ ಇಂಜೆಕ್ಟರಿನ ತಲೆಯಲ್ಲಿಯೂ ಮಿಕ್ಕ ಎಣ್ಣೆ ಟ್ಯಾಂಕಿಗೆ ಹಿಂದಿರುಗುವ ಒಂದು ಸಣ್ಣ ಮೂತಿ ಇದೆ. ಸಾಹೇಬರು ಆ ನಾಲ್ಕಕ್ಕೂ ಪಾರದರ್ಶಕ ನಳಿಗೆಗಳನ್ನು ಸಿಕ್ಕಿಸಿ, ಅವುಗಳ ಕೊನೆಯನ್ನು ನಾಲ್ಕು ಸಣ್ಣ ಬಾಟಲಿಗಳಿಗೆ ಇಳಿಬಿಟ್ಟರು. ಮಕ್ಕಳ ಕೆಮ್ಮಿನ ಔಷಧದ ಬಾಟಲಿಗಳು. ಒಂದರ ಮೇಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಹತ್ತು ಸೆಕೆಂಡು ಸೆಲ್ಫು ಹೊಡೆದರು. ಒಂದನೆಯ ಬಾಟಲಿಯ ತಳ ನೆನೆಯಿತು. ನಾಲ್ಕನೆಯದರಲ್ಲೂ ಅಷ್ಟೇ. ಎರಡನೆಯದರಲ್ಲಿ ಒಂದು ಚೂರು ಹೆಚ್ಚು. ಮೂರನೆಯದರಲ್ಲಿ ಎರಡು ಬೆರಳು ಎಣ್ಣೆ ನಿಂತಿತ್ತು.

ನಾನಾಗಿದ್ದರೆ ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತಿದ್ದೆ. ಸಾಹೇಬರು ಕೊಡಲಿಲ್ಲ. ಪಂಪೂ ಸವೆದಿದ್ದರೆ? ಮೂರನೆಯ ಇಂಜೆಕ್ಟರಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಕಾಮನ್ ರೈಲಿನ ಆ ಬಾಯಿಗೆ ಉಕ್ಕಿನ ಮುಚ್ಚಳವೊಂದನ್ನು ಬಿಗಿದು, ಮತ್ತೆ ಸೆಲ್ಫು ಹೊಡೆಯಿಸಿದರು. ಪರದೆಯ ಮೇಲಿನ ಅಂಕಿ ೧೩೦ರಲ್ಲಿ ನಿಲ್ಲದೆ ೨೦೦ ದಾಟಿ ೨೮೦ಕ್ಕೆ ಹೋಯಿತು. ಗಾಡಿ ಕಾದ ಮೈಯಲ್ಲಿಯೇ, ಉಳಿದ ಮೂರು ಸಿಲಿಂಡರುಗಳ ಮೇಲೆ, ಕುಂಟುವ ಎತ್ತಿನ ಹಾಗೆ ನಡುಗುತ್ತ ಎದ್ದು ನಿಂತಿತು. ಆ ಹೊತ್ತಿನ ನನ್ನ ಸಂತೋಷವನ್ನು, ಐದು ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಕೆಟ್ಟ ಪಾಠವೆಲ್ಲ ಒಬ್ಬನೇ ಲಿಪಿಕಾರನ ಕೈಯಿಂದ ಬಂದುದೆಂದು ಕಂಡುಕೊಂಡವರು ಬಲ್ಲರು.

“ಪಂಪು ಚೆನ್ನಾಗಿದೆ. ಮೂರು ನಾಜಲ್ಲು ಚೆನ್ನಾಗಿವೆ. ಒಂದು ಕೆಟ್ಟಿದೆ” ಎಂದು ಸಾಹೇಬರು ಆಗ ಹೇಳಿದರು.

ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿ ನೋಡುವ ಆಸೆ ಯಾವ ವಾಚಕನಿಗಾದರೂ ಬಂದರೆ ಬಿಟ್ಟುಬಿಡುವುದು ಒಳ್ಳೆಯದು. ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆಯ ಎಳೆ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ, ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಕೇಡು. ಸಾಹೇಬರ ಶಿಷ್ಯ ಸೋರಿಕೆ ನೋಡಲು ಬೆರಳಾಡಿಸಹೋದಾಗ ಅವರು ಗದರಿದ ಗದರಿಕೆ ಬೀದಿಯ ಆಚೆಗೂ ಕೇಳಿತು.

ಬಿಚ್ಚಿದ ಇಂಜೆಕ್ಟರಿನೊಳಗೆ ಅವರು ನನಗೆ ತೋರಿಸಿದ್ದು ಸಾಸಿವೆಕಾಳಿನಷ್ಟು ದೊಡ್ಡ ಉಕ್ಕಿನ ಗುಂಡು. ಅದು ಕೂರುವ ಪೀಠದ ಅಂಚನ್ನು ಎಣ್ಣೆಯೊಡನೆ ಬಂದ ಕಣ್ಣಿಗೆ ಕಾಣದ ಮರಳು ಕೊರೆದುಹಾಕಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಸಣ್ಣ ಗೀರು, ಅಷ್ಟೆ. ಆ ಗೀರಿಗಾಗಿ ನಾನು ಬ್ಯಾಟರಿ ಬದಲಾಯಿಸಿದ್ದೆ, ನನ್ನ ತಾಯಿ ಮಳೆಯಲ್ಲಿ ಒಂದು ಗಂಟೆ ಕುಳಿತಿದ್ದಳು. ವಾಲ್ವಿನ ಜೋಡಿಯನ್ನು ಬದಲಾಯಿಸಿ, ಪರೀಕ್ಷೆಯ ಮೇಜಿನ ಮೇಲೆ ಇಂಜೆಕ್ಟರನ್ನು ಓಡಿಸಿ ನೋಡಿ, ಬುಡಕ್ಕೆ ಹೊಸ ತಾಮ್ರದ ವಾಷರು ಕೊಟ್ಟು, ಎರಡು ದಿನದಲ್ಲಿ ಕೂಡಿಸಿದರು. ಖರ್ಚು ದೊಡ್ಡ ವರ್ಕ್‌ಷಾಪಿನ ಪಟ್ಟಿಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಆ ವರ್ಕ್‌ಷಾಪಿನವರು ಮೋಸಗಾರರೆಂದು ನಾನು ಹೇಳಲಾರೆ. ಅವರು ಹೇಳಿದ್ದೆಲ್ಲವನ್ನೂ ಬದಲಾಯಿಸಿದ್ದರೆ ಗಾಡಿ ಖಂಡಿತ ಸರಿಹೋಗುತ್ತಿತ್ತು. ಊರನ್ನೇ ಸುಟ್ಟರೆ ಕಳ್ಳನೂ ಅದರಲ್ಲಿ ಸಿಕ್ಕಿಬೀಳುತ್ತಾನೆ.

ದುಡ್ಡು ಎಣಿಸಿಕೊಳ್ಳುವಾಗ ಸಾಹೇಬರು, “ಎರಡನೇ ಬಾಟಲಿ ನೆನಪಿರಲಿ ಮೇಷ್ಟ್ರೇ. ಒಂದು ಚೂರು ಜಾಸ್ತಿ ಇತ್ತು. ಅದಕ್ಕೂ ಒಂದು ದಿನ ಬರುತ್ತೆ” ಎಂದರು.

ತಾಯಿಯನ್ನು ಒಪ್ಪಿಸುವುದು ಗಾಡಿಯನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ನಾನು ಗುಂಡಿನ ಕಥೆ ಹೇಳಿದೆ, ಬಾಟಲಿಯ ಕಥೆ ಹೇಳಿದೆ. ಆಕೆ ಕೇಳಿಸಿಕೊಂಡು, “ಹಾಗಾದರೆ ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡ” ಎಂದಳು. ಆ ಕರಾರಿನ ಮೇಲೆ ಹೊರಟೆವು. ಉಡುಪಿಯ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಘಟ್ಟ ಹತ್ತಿ ಆಗುಂಬೆಗೆ ಬಂದಾಗ, ಅದೇ ಚಹಾದಂಗಡಿಯ ಮುಂದೆ, ಆಕೆಗೆ ಮತ್ತೆ ತಲೆ ಸುತ್ತು. ಗಾಡಿ ನಿಲ್ಲಿಸಿದೆ. ಕೀಲಿಯ ಮೇಲೆ ಕೈಯಿಟ್ಟಾಗ, “ಆರಿಸಬೇಡ ಕಣೋ” ಎಂದಳು. ಆರಿಸಿದೆ.

ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡೇ ಕುಳಿತೆ. ಅಂಗಡಿಯವನಿಗೆ ನಮ್ಮ ಗುರುತು ಸಿಕ್ಕಿತ್ತು. ತಳ್ಳುವುದಕ್ಕೆ ಹುಡುಗರನ್ನು ಕೂಗಲೇ ಎಂದು ಕೇಳಿದ. ಬೇಡವೆಂದು ಹೇಳಿ, ಬಾಗಿಲು ಹಾಕಿಕೊಂಡು, ಕೀಲಿ ತಿರುಗಿಸಿದೆ. ಎಂಜಿನು ಎರಡು ಸುತ್ತು ಸುತ್ತಿ ಎದ್ದಿತು.

ತಾಯಿ ಪಟ್ಟಿಯಿಲ್ಲದ ಕಣ್ಣಿನಿಂದ ಪಡುವಣದ ಮೋಡವನ್ನು ನೋಡಿ, “ಹೊರಡು ಹೊರಡು, ಅಂಗಳದಲ್ಲಿ ಅಡಕೆ ಹರವಿದೆ” ಎಂದಳು.